ದಿವಾಣಿ ಮತ್ತು ಫೌಜದಾರಿ: ಒಂದು ವಿವೇಚನೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ದಿವಾಣಿ, ಫೌಜದಾರಿ ಎಂಬ ಎರಡು ಮಾತುಗಳು ಅಪರಿಚಿತವಲ್ಲ. ಮರಾಠಿಯಲ್ಲಿ ಇವು ಇಂದಿಗೂ ಕಾಯಿದೆಯ ಪಾರಿಭಾಷಿಕ ಶಬ್ದಗಳಾಗಿ ಉಳಿದಿವೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯ ಹಿರಿಯರ ಬಾಯಲ್ಲಿಯೂ ಇವೆ. ಹಳೆಯ ಮೈಸೂರಿನ ಕಡೆಯವರು ಸಿವಿಲ್, ಕ್ರಿಮಿನಲ್ ಎಂದೇ ರೂಢಿ ಮಾಡಿಕೊಂಡಿದ್ದಾರೆ. ಯಾವ ಹೆಸರಿನಿಂದ ಕರೆದರೂ, ಸುಶಿಕ್ಷಿತರಲ್ಲಿಯೂ ಅನೇಕರಿಗೆ ಇವೆರಡರ ಭೇದ ಸ್ಪಷ್ಟವಾಗಿಲ್ಲವೆಂಬುದು ಬ್ಯಾಂಕಿನ ಮೇಜಿನ ಈಚೆ ಕುಳಿತವನಿಗೆ ದಿನವೂ ಗೋಚರವಾಗುವ ಸಂಗತಿ. ಸಾಲದ ಕಂತು ತಪ್ಪಿದವನು ಪೊಲೀಸರು ಮನೆಗೆ ಬರುವರೇನೋ ಎಂದು ಅಂಜುತ್ತಾನೆ. ಚೆಕ್ಕು ಬರೆದುಕೊಟ್ಟು ಮರೆತವನಾದರೋ, ಇದು ಬರೀ ಹಣದ ವ್ಯವಹಾರವಲ್ಲವೇ ಎಂದು ನಿಶ್ಚಿಂತನಾಗಿರುತ್ತಾನೆ. ಮೊದಲನೆಯವನ ಅಂಜಿಕೆ ಬಹುಮಟ್ಟಿಗೆ ನಿರಾಧಾರ. ಎರಡನೆಯವನ ನಿಶ್ಚಿಂತೆ ಅಪಾಯಕರ.

ಶಬ್ದಗಳ ಮೂಲದಿಂದಲೇ ವಿಚಾರವನ್ನು ಆರಂಭಿಸಬಹುದು. ಮೊಗಲರ ಆಡಳಿತದಲ್ಲಿ ದಿವಾನನು ಕಂದಾಯದ ಅಧಿಕಾರಿ. ಫೌಜದಾರನು ಸೈನ್ಯಬಲದಿಂದ ನಾಡಿನ ಶಾಂತಿಯನ್ನು ಕಾಯುವವನು. 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ದಿವಾನಿ ಅಧಿಕಾರ ದೊರೆಯಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ರೂಪಿಸಿದ ಯೋಜನೆಯಂತೆ ಪ್ರತಿಯೊಂದು ಜಿಲ್ಲೆಯಲ್ಲಿಯೂ ಒಂದು ದಿವಾನಿ ಅದಾಲತು, ಒಂದು ಫೌಜದಾರಿ ಅದಾಲತು ಏರ್ಪಟ್ಟವು. ಆಸ್ತಿ, ಸಾಲ, ಉತ್ತರಾಧಿಕಾರ, ವಿವಾಹದ ತಕರಾರುಗಳು ಒಂದಕ್ಕೆ. ಕೊಲೆ, ಕಳವು, ದೊಂಬಿಗಳು ಇನ್ನೊಂದಕ್ಕೆ. ಇಲ್ಲಿ ಲಕ್ಷಿಸತಕ್ಕ ಅಂಶವೇನೆಂದರೆ, ಈ ವಿಭಾಗಕ್ಕೆ ಹೆಸರು ಬಂದದ್ದು ಕೃತ್ಯದ ಗುಣದಿಂದಲ್ಲ, ಅದನ್ನು ವಿಚಾರಿಸುವ ಅಧಿಕಾರಿಯಿಂದ. ಈ ಅಂಶವನ್ನು ನೆನಪಿನಲ್ಲಿಟ್ಟರೆ ಮುಂದಿನ ವಿವೇಚನೆ ಸುಲಭವಾಗುವುದು.

ಪಠ್ಯಪುಸ್ತಕಗಳಲ್ಲಿ ಹೇಳುವ ಭೇದ ಎಲ್ಲರೂ ಬಲ್ಲದ್ದೇ. ದಿವಾಣಿಯಲ್ಲಿ ಹಾನಿಗೊಳಗಾದವನು ತಾನೇ ವಾದಿಯಾಗಿ ದಾವೆ ಹೂಡುತ್ತಾನೆ, ಬೇಕಾದರೆ ತಾನೇ ಹಿಂತೆಗೆದುಕೊಳ್ಳುತ್ತಾನೆ. ಫೌಜದಾರಿಯಲ್ಲಿ ಸರಕಾರವೇ ಫಿರ್ಯಾದಿ. ಪೆಟ್ಟು ತಿಂದವನು ಸಾಕ್ಷಿಯಷ್ಟೇ. ದಿವಾಣಿಯ ಫಲ ಹಣ, ಸ್ವಾಧೀನ, ತಡೆಯಾಜ್ಞೆ ಮುಂತಾದ ಪರಿಹಾರ. ಫೌಜದಾರಿಯ ಫಲ ಶಿಕ್ಷೆ. ರುಜುವಾತಿನ ತೂಕವೂ ಬೇರೆ. ದಿವಾಣಿ ನ್ಯಾಯಾಧೀಶನು ಎರಡು ಪಕ್ಷಗಳನ್ನೂ ತೂಗಿ, ಯಾವುದು ಹೆಚ್ಚು ಸಂಭವನೀಯವೋ ಅದನ್ನು ಎತ್ತಿಹಿಡಿದರೆ ಸಾಕು. ತಕ್ಕಡಿ ಕೂದಲೆಳೆಯಷ್ಟು ವಾಲಿದರೂ ಆಯಿತು. ಫೌಜದಾರಿಯಲ್ಲಿ ಯುಕ್ತವಾದ ಸಂದೇಹಕ್ಕೆ ಎಡೆಯಿಲ್ಲದಂತೆ ಆರೋಪ ಸ್ಥಾಪಿತವಾಗಬೇಕು. ಒಬ್ಬನ ಸ್ವಾತಂತ್ರ್ಯವನ್ನೇ ಕಸಿಯುವಾಗ ಇಷ್ಟು ಎಚ್ಚರ ಅವಶ್ಯವೆಂಬುದನ್ನು ಯಾರೂ ಅಲ್ಲಗಳೆಯರು.

ಒಂದೇ ಕೃತ್ಯ ಎರಡೂ ಮಾರ್ಗಗಳಲ್ಲಿ ಸಾಗಬಹುದೆಂಬುದಕ್ಕೆ ರಸ್ತೆಯ ಅಪಘಾತಕ್ಕಿಂತ ಪರಿಚಿತವಾದ ನಿದರ್ಶನ ಬೇಡ. ಅಜಾಗರೂಕತೆಯಿಂದ ಲಾರಿ ನಡೆಸಿ ಒಬ್ಬನ ಸಾವಿಗೆ ಕಾರಣನಾದ ಚಾಲಕನು ಮ್ಯಾಜಿಸ್ಟ್ರೇಟರ ಮುಂದೆ ಆರೋಪಿ. ಅದೇ ಸಾವಿಗಾಗಿ ಮೃತನ ಹೆಂಡತಿ ಮಕ್ಕಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಲಿಯ ಮುಂದೆ ಅರ್ಜಿದಾರರು. ಚಾಲಕನು ಮೊದಲನೆಯ ಕಡೆ ಸಂದೇಹದ ಲಾಭದಿಂದ ಬಿಡುಗಡೆ ಹೊಂದಿದರೂ ಎರಡನೆಯ ಕಡೆ ಪರಿಹಾರ ಕೊಡಬೇಕಾಗಿ ಬರಬಹುದು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಎರಡು ತಕ್ಕಡಿಗಳ ಕಲ್ಲುಗಳೇ ಬೇರೆ.

ಇಲ್ಲಿಯವರೆಗೆ ತೊಡಕಿಲ್ಲ. ಕೆಲವು ಕೃತ್ಯಗಳು ಸ್ವಭಾವತಃ ಅಪರಾಧಗಳು, ಮಿಕ್ಕವು ಸ್ವಭಾವತಃ ಖಾಸಗಿ ತಪ್ಪುಗಳು ಎನ್ನುವ ನಿತ್ಯವಾದ ಗೆರೆಯೊಂದು ಇದೆಯೇ ಎಂದು ಕೇಳಿದಾಗ ತೊಡಕು ಮೊದಲಾಗುತ್ತದೆ. ನಮ್ಮ ಪ್ರಾಚೀನರ ಸಾಕ್ಷ್ಯವನ್ನು ನೋಡಿದರೆ, ಗೆರೆಯಿತ್ತು, ಆದರೆ ನಾವು ಎಳೆದಲ್ಲಿ ಇರಲಿಲ್ಲ ಎನ್ನಬೇಕಾಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾದುದು ವಾಚಕರಿಗೆ ತಿಳಿದ ವಿಷಯ. ಅದರ ಮೂರನೆಯ ಅಧಿಕರಣ ಧರ್ಮಸ್ಥೀಯ, ನಾಲ್ಕನೆಯದು ಕಂಟಕಶೋಧನ. ಮೊದಲನೆಯದರಲ್ಲಿ ಮೂವರು ಧರ್ಮಸ್ಥರು ಕುಳಿತು ವ್ಯವಹಾರಗಳನ್ನು ನಿರ್ಣಯಿಸುತ್ತಾರೆ. ಎರಡನೆಯದರಲ್ಲಿ ಮೂವರು ಪ್ರದೇಷ್ಟೃಗಳು ನಾಡಿನ ಮುಳ್ಳುಗಳನ್ನು ಕೀಳುತ್ತಾರೆ. ಮೇಲುನೋಟಕ್ಕೆ ಇದು ದಿವಾಣಿ, ಫೌಜದಾರಿಗಳ ಭೇದವೇ ಎಂದು ಹಲವು ವಿದ್ವಾಂಸರು ಹೇಳಿರುವುದುಂಟು. ಆದರೆ ಬಯ್ಗುಳ, ಹೊಡೆದಾಟ, ಬಲಾತ್ಕಾರದ ಅಪಹಾರಗಳೆಂದರೆ ವಾಕ್ಪಾರುಷ್ಯ, ದಂಡಪಾರುಷ್ಯ, ಸಾಹಸ ಇವು ಮೂರೂ ಧರ್ಮಸ್ಥೀಯದಲ್ಲಿವೆ. ಇತ್ತ ಕಂಟಕಶೋಧನವು ನೇಕಾರ, ಅಗಸ, ಅಕ್ಕಸಾಲಿಗರ ಮೋಸದಿಂದಲೂ ವ್ಯಾಪಾರಿಯ ಕಳ್ಳ ತೂಕದಿಂದಲೂ ಆರಂಭವಾಗುತ್ತದೆ. ಎಂದರೆ, ಕೌಟಿಲ್ಯನ ಗೆರೆ ಒಬ್ಬನು ಇನ್ನೊಬ್ಬನ ಮೇಲೆ ತರುವ ದೂರಿಗೂ, ರಾಜ್ಯವು ತಾನಾಗಿ ಹುಡುಕಿ ನಿವಾರಿಸಬೇಕಾದ ಪೀಡೆಗೂ ನಡುವೆ ಹಾಯ್ದಿದೆ. ಹೊಡೆತ ತಿಂದವನು ದೂರು ಕೊಡಬಲ್ಲ. ಕಳ್ಳ ತಕ್ಕಡಿಯಿಂದ ದಿನಕ್ಕೊಂದು ಹಿಡಿ ಕಳೆದುಕೊಂಡ ನೂರು ಜನ ದೂರು ಕೊಡಲಾರರು. ನಮ್ಮ ಕಾಲದ ಗ್ರಾಹಕ ಕಾನೂನುಗಳನ್ನು ನೋಡಿದವರಿಗೆ ಈ ವಿಚಾರ ಹಳತೆನಿಸದು.

ಮನುಸ್ಮೃತಿಯಲ್ಲಿ ಭೇದ ಇನ್ನೂ ಮಸುಕು. ಅಲ್ಲಿಯ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದು ಋಣಾದಾನ, ಎಂದರೆ ಸಾಲದ ವಸೂಲಿ. ಅದೇ ಸಾಲಿನಲ್ಲಿ ಮುಂದೆ ಕಳವು, ಸಾಹಸ, ಪರಸ್ತ್ರೀಸಂಗ್ರಹಣಗಳು ಬರುತ್ತವೆ. ರಾಜನಾಗಲಿ ಅವನ ಅಧಿಕಾರಿಯಾಗಲಿ ತಾನಾಗಿ ವ್ಯಾಜ್ಯವನ್ನು ಹುಟ್ಟಿಸಕೂಡದೆಂಬ ನಿಯಮವೂ ಅಲ್ಲಿದೆ. ಬ್ಯಾಂಕಿನವರು ಋಣಕ್ಕೆ ಮೊದಲ ಸ್ಥಾನ ಸಿಕ್ಕಿದ್ದನ್ನು ಕಂಡು ಸಂತೋಷಪಡಬಹುದು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಯಾಜ್ಞವಲ್ಕ್ಯನ ವ್ಯವಹಾರಾಧ್ಯಾಯ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ. ನಮ್ಮ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಹುಟ್ಟಿದ ಆ ಗ್ರಂಥ ಭಾರತದ ಬಹುಭಾಗಕ್ಕೆ ಹಿಂದೂ ದಾಯಭಾಗದ ಪ್ರಮಾಣವಾಯಿತೆಂಬ ಹೆಮ್ಮೆಯನ್ನು ನಾವು ಆಗಾಗ ಆಡಿಕೊಳ್ಳುತ್ತೇವೆ. ಸಾಲದ ಬಗ್ಗೆ ಅದು ವಿವರಿಸುವ ವಿಧಿಗಳನ್ನು ಓದುವವರು ಕಡಮೆ. ಸಾಲವನ್ನು ಒಪ್ಪಿಕೊಂಡವನಿಂದ ರಾಜನು ಅದನ್ನು ವಸೂಲು ಮಾಡಿಸಿದರೆ, ಸಾಲಗಾರನು ನೂರಕ್ಕೆ ಹತ್ತರಂತೆ ರಾಜನಿಗೆ ತೆರಬೇಕು, ಹಣ ಪಡೆದ ಧನಿಕನು ನೂರಕ್ಕೆ ಐದರಂತೆ ತೆರಬೇಕು. ಇದು ದಿವಾಣಿ, ಕೋರ್ಟು ಶುಲ್ಕ ಸಹಿತವಾಗಿ. ಆದರೆ ಸಾಲವನ್ನೇ ಇಲ್ಲವೆಂದು ವಾದಿಸಿ, ಬಳಿಕ ಅದು ಸಿದ್ಧವಾದರೆ, ಆತನು ಧನಿಕನಿಗೆ ಸಾಲದ ಹಣವನ್ನೂ ರಾಜನಿಗೆ ಅಷ್ಟೇ ಹಣವನ್ನೂ ಕೊಡಬೇಕು. ಇಲ್ಲಿ ಪರಿಹಾರವೂ ದಂಡವೂ ಒಂದೇ ತೀರ್ಪಿನಲ್ಲಿ, ಒಂದೇ ಆಸನದಿಂದ ಹೊರಡುತ್ತವೆ. ಸಾಲ ತೀರಿಸಲಾರದಿರುವುದು ದಂಡಕ್ಕೆ ಕಾರಣವಲ್ಲ, ಅಪಲಾಪವೇ ಕಾರಣವೆಂಬ ಈ ಸೂಕ್ಷ್ಮವನ್ನು ಮುಂದೆ ಚೆಕ್ಕಿನ ವಿಷಯ ಬಂದಾಗ ನೆನೆಯಬೇಕಾಗುವುದು.

ಈಗ ನಮ್ಮ ಕಾಲಕ್ಕೆ ಬರೋಣ. ವಿದೇಶೀ ವಿನಿಮಯದ ಕಾಯಿದೆಯ ಚರಿತ್ರೆ ಈ ಗೆರೆಯ ಚಂಚಲತೆಯನ್ನು ಚೆನ್ನಾಗಿ ತೋರಿಸುತ್ತದೆ. 1973ರ ಫೇರಾ ಕಾಯಿದೆಯ ಕಾಲದಲ್ಲಿ ಅನುಮತಿಯಿಲ್ಲದೆ ವಿದೇಶೀ ಹಣವನ್ನು ಇಟ್ಟುಕೊಂಡವನು ಅಪರಾಧಿ. ಬಂಧನ, ಸೆರೆವಾಸ ಎರಡೂ ಉಂಟು. ಅಷ್ಟೇ ಅಲ್ಲ, ದುರುದ್ದೇಶ ಇತ್ತೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು, ಇರಲಿಲ್ಲವೆಂದು ತೋರಿಸುವ ಹೊರೆ ಆರೋಪಿಯದು. ನಮ್ಮ ಹಿರಿಯ ಸಹೋದ್ಯೋಗಿಗಳು ಆ ಕಾಯಿದೆಯ ಹೆಸರನ್ನು ತಗ್ಗಿದ ದನಿಯಲ್ಲಿ ಉಚ್ಚರಿಸುತ್ತಿದ್ದರು. 2000ನೆಯ ಇಸವಿ ಜೂನ್ 1ರಂದು ಫೆಮಾ ಕಾಯಿದೆ ಜಾರಿಗೆ ಬಂದೊಡನೆ ಅದೇ ಕೃತ್ಯವು ಕೇವಲ ಉಲ್ಲಂಘನೆಯಾಯಿತು. ಮೊತ್ತದ ಮೂರು ಪಟ್ಟಿನವರೆಗೆ ದಂಡ ತೆತ್ತರೆ ಮುಗಿಯಿತು. ಹಳೆಯ ಕಾಯಿದೆಯ ಅಪರಾಧಗಳನ್ನು ವಿಚಾರಣೆಗೆತ್ತಿಕೊಳ್ಳಲು ಎರಡು ವರ್ಷಗಳ ಅವಧಿಯನ್ನಿಟ್ಟಿದ್ದರಿಂದ, ಮೇ ತಿಂಗಳ ಕೊನೆಯ ದಿನ ಮಾಡಿದ ಕೆಲಸಕ್ಕೆ ಸೆರೆ, ಮರುದಿನ ಮಾಡಿದ ಅದೇ ಕೆಲಸಕ್ಕೆ ಬರೀ ದಂಡ ಎಂಬಂತಾಯಿತು. ಕೃತ್ಯ ಬದಲಾಗಿರಲಿಲ್ಲ, ದೇಶದ ಖಜಾನೆಯಲ್ಲಿ ವಿದೇಶೀ ವಿನಿಮಯದ ಬರ ಇಲ್ಲವಾಗಿತ್ತು. 2015ರ ತಿದ್ದುಪಡಿಯಿಂದ, ವಿದೇಶದಲ್ಲಿ ನಿಯಮಬಾಹಿರವಾಗಿ ದೊಡ್ಡ ಆಸ್ತಿ ಮಾಡಿದವರ ಮಟ್ಟಿಗೆ ಸೆರೆವಾಸ ಮತ್ತೆ ಬಂದಿದೆ.

ಇಂಥ ದಂಡವನ್ನು ದಿವಾಣಿಯೆನ್ನಬೇಕೋ ಫೌಜದಾರಿಯೆನ್ನಬೇಕೋ? ಇದು ಮೂರನೆಯದೇ ಒಂದು ಜಾತಿ. ಸರಕಾರವೇ ವಸೂಲು ಮಾಡುವುದರಿಂದ ಶಿಕ್ಷೆಯಂತೆ ಕಾಣುತ್ತದೆ. ಆದರೆ ವಿಧಿಸುವವನು ಮ್ಯಾಜಿಸ್ಟ್ರೇಟನಲ್ಲ, ಇಲಾಖೆಯ ನಿರ್ಣಯಾಧಿಕಾರಿ. ದಂಡ ತೆತ್ತವನ ಹೆಸರಿಗೆ ಅಪರಾಧಿಯೆಂಬ ಕಳಂಕ ಅಂಟದು. ಸೆಬಿ ವಿರುದ್ಧ ಶ್ರೀರಾಮ್ ಮ್ಯೂಚುಯಲ್ ಫಂಡ್ ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂಥ ದಂಡಕ್ಕೆ ದುರುದ್ದೇಶದ ರುಜುವಾತು ಬೇಕಿಲ್ಲ, ನಿಯಮ ಮುರಿದದ್ದು ಸಿದ್ಧವಾದರೆ ಸಾಕು ಎಂದು ಹೇಳಿತು. 2023ರ ಜನವಿಶ್ವಾಸ ಕಾಯಿದೆಯು 42 ಕಾಯಿದೆಗಳ 183 ವಿಧಿಗಳನ್ನು ಸೆರೆವಾಸದಿಂದ ಸಡಿಲಿಸಿದ್ದು ಇದೇ ಹಾದಿಯಲ್ಲಿ. ವ್ಯಾಪಾರಿಗಳಿಗೆ ಇದು ಸಂತೋಷದ ಸುದ್ದಿ; ಆದರೂ ರುಜುವಾತಿನ ಭಾರ ಹಗುರವಾದಲ್ಲಿ ದಂಡ ಸಲೀಸಾಗಿ ಬೀಳುತ್ತದೆಂಬುದನ್ನು ಅವರು ಮರೆಯಬಾರದು.

ಚೆಕ್ಕಿನ ಪ್ರಯಾಣ ಇದಕ್ಕೆ ತದ್ವಿರುದ್ಧ. ಹುಂಡಿ, ಚೆಕ್ಕುಗಳ ಕಾಯಿದೆ 1881ರದು. ನೂರಕ್ಕೂ ಹೆಚ್ಚು ವರ್ಷ ಮರಳಿದ ಚೆಕ್ಕು ಒಂದು ದಿವಾಣಿ ದಾವೆಗೆ ಆಧಾರವಾಗಿತ್ತು, ಅಷ್ಟೇ. ಚೆಕ್ಕಿಗೆ ಜನರಲ್ಲಿ ವಿಶ್ವಾಸ ಬರಲೆಂದು 1988ರ ತಿದ್ದುಪಡಿ ಕಾಯಿದೆ ಅದಕ್ಕೆ ಹದಿನೇಳನೆಯ ಅಧ್ಯಾಯವನ್ನು ಸೇರಿಸಿತು. 1989ರ ಏಪ್ರಿಲ್ 1ರಿಂದ 138ನೆಯ ಕಲಮು ಜಾರಿಗೆ ಬಂತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಮರಳಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಇಲ್ಲವೆ ಎರಡೂ. 2002ರ ತಿದ್ದುಪಡಿ ಸೆರೆಯ ಅವಧಿಯನ್ನು ಎರಡು ವರ್ಷಕ್ಕೇರಿಸಿತು. ಎರಡು ಪಟ್ಟು ಎಂಬ ಲೆಕ್ಕ ಯಾಜ್ಞವಲ್ಕ್ಯನ ಲೆಕ್ಕದೊಡನೆ ಸರಿಹೋಗುವುದು ಆಕಸ್ಮಿಕವೇ ಇರಬೇಕು. ಕರಡು ಮಾಡಿದವರು ಮಿತಾಕ್ಷರವನ್ನು ತೆರೆದು ಕುಳಿತಿದ್ದರೆಂದು ನಾನು ವಾದಿಸುತ್ತಿಲ್ಲ.

ಈ ಅಪರಾಧದ ಮೈಕಟ್ಟು ವಿಚಿತ್ರ. ಚೆಕ್ಕು ಮರಳಿದ ಮಾತ್ರಕ್ಕೆ ಅಪರಾಧ ಪೂರ್ತಿಯಾಗುವುದಿಲ್ಲ. ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂವತ್ತು ದಿನಗಳೊಳಗೆ ಹಣ ಬರಬೇಕಾದವನು ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ ಹದಿನೈದು ದಿನಗಳೊಳಗೆ ಹಣ ಕೊಟ್ಟರೆ ಅಪರಾಧವೇ ಇಲ್ಲ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಫಿರ್ಯಾದು ಸಲ್ಲಬೇಕು. ಅದನ್ನು ಸಲ್ಲಿಸುವವನು ಪೊಲೀಸನಲ್ಲ, ಹಣ ಬರಬೇಕಾದವನೇ. ಉಭಯಪಕ್ಷಗಳೂ ಒಪ್ಪಿದರೆ ಯಾವ ಹಂತದಲ್ಲಿಯೂ ರಾಜಿಯಾಗಬಹುದು. ಫಿರ್ಯಾದಿ ಖಾಸಗಿಯವನು, ಗುರಿ ಹಣ, ಅಂತ್ಯ ರಾಜಿ: ಇವೆಲ್ಲ ದಿವಾಣಿಯ ಲಕ್ಷಣಗಳು. ಕಟಕಟೆ, ಜಾಮೀನು, ವಾರಂಟು, ಸೆರೆ ಮಾತ್ರ ಫೌಜದಾರಿಯವು. 2021ರಲ್ಲಿ ಮೋಹನರಾಜ್ ವಿರುದ್ಧ ಶಾಹ್ ಬ್ರದರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಕ್ರಿಮಿನಲ್ ತೋಳದ ವೇಷ ತೊಟ್ಟ ಸಿವಿಲ್ ಕುರಿಯೆಂದು ಬಣ್ಣಿಸಿ, ದಿವಾಳಿ ಸಂಹಿತೆಯ ಪ್ರಕಾರ ಕಂಪನಿಯ ಮೇಲಿನ ದಾವೆಗಳಿಗೆ ತಡೆ ಬಿದ್ದಾಗ ಈ ಫಿರ್ಯಾದಿಗೂ ಕಂಪನಿಯ ಮಟ್ಟಿಗೆ ತಡೆ ಬೀಳುತ್ತದೆಂದು ನಿರ್ಣಯಿಸಿತು.

ರುಜುವಾತಿನ ವಿಷಯದಲ್ಲಿಯೂ ಮಿಶ್ರಣವೇ. 139ನೆಯ ಕಲಮಿನಂತೆ ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದೆಂದು ನ್ಯಾಯಾಲಯ ಭಾವಿಸಿ ಹೊರಡಬೇಕು. ಕರ್ನಾಟಕದಿಂದ ಹೋದ ರಂಗಪ್ಪ ವಿರುದ್ಧ ಶ್ರೀ ಮೋಹನ್ ಪ್ರಕರಣದಲ್ಲಿ ಇದ್ದದ್ದು 45,000 ರೂಪಾಯಿಯ ಒಂದು ಚೆಕ್ಕು. ಆದರೆ 2010ರಲ್ಲಿ ಅದರ ಮೇಲೆ ಬಂದ ತೀರ್ಪು ದೇಶದ ಎಲ್ಲ ಮ್ಯಾಜಿಸ್ಟ್ರೇಟರ ಕೈಪಿಡಿಯಾಯಿತು. ಸಾಲವಿತ್ತೆಂಬುದೂ ಈ ಭಾವನೆಯಲ್ಲಿ ಅಡಕವಾಗಿದೆ. ಆರೋಪಿಯು ಅದನ್ನು ಅಲ್ಲಗಳೆಯಬೇಕಾದರೆ ಸಂಭವನೀಯವಾದ ಪ್ರತಿವಾದವನ್ನು ತೋರಿಸಿದರೆ ಸಾಕು, ಸಂದೇಹಾತೀತವಾಗಿ ಸಿದ್ಧಪಡಿಸಬೇಕಿಲ್ಲ ಎಂಬುದು ಅದರ ತಾತ್ಪರ್ಯ. 2019ರ ಬೀರ್ ಸಿಂಗ್ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸಹಿ ಮಾಡಿ ಸ್ವಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ ಈ ಭಾವನೆ ಅನ್ವಯಿಸುತ್ತದೆ. ಚೀಟಿಯ ವ್ಯವಹಾರಗಳಲ್ಲಿ, ಅಂಗಡಿಯ ಪಗಡಿಯಲ್ಲಿ, ಊರಿನವನೆಂಬ ದಾಕ್ಷಿಣ್ಯಕ್ಕೆ ಮಾಡಿದ ಕೈಗಡದಲ್ಲಿ, ಭದ್ರತೆಗೆ ಇರಲಿ ಎಂದು ಎರಡು ಖಾಲಿ ಚೆಕ್ಕುಗಳನ್ನು ಕೊಡುವ ಪದ್ಧತಿ ನಮ್ಮವರಲ್ಲಿ ಎಷ್ಟು ಹಬ್ಬಿದೆಯೆಂಬುದನ್ನು ಬಲ್ಲವರು ಈ ತೀರ್ಪಿನ ಭಾರವನ್ನು ಊಹಿಸಬಲ್ಲರು.

ಫಲವೇನಾಯಿತು? ಸರ್ವೋಚ್ಚ ನ್ಯಾಯಾಲಯವು ತಾನಾಗಿ ಈ ವಿಷಯವನ್ನೆತ್ತಿಕೊಂಡಾಗ ಬೆಳಕಿಗೆ ಬಂದ ಅಂಕಿಯಂತೆ, 2019ರ ಅಂತ್ಯಕ್ಕೆ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಮೊಕದ್ದಮೆಗಳಲ್ಲಿ 35.16 ಲಕ್ಷ ಚೆಕ್ಕಿನವು; ನೂರಕ್ಕೆ ಹದಿನೈದು. ಕಳ್ಳರನ್ನೂ ಕೊಲೆಗಾರರನ್ನೂ ವಿಚಾರಿಸಬೇಕಾದ ಆಸನ ವಸೂಲಿಯ ಕಚೇರಿಯಾಗಿದೆ. 2020ರ ಜೂನಿನಲ್ಲಿ ಕೇಂದ್ರ ಅರ್ಥ ಸಚಿವಾಲಯವು ಈ ಕಲಮೂ ಸೇರಿದಂತೆ ಹಲವನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಸಲಹೆಯನ್ನು ಜನರ ಮುಂದಿಟ್ಟಿತು. ವ್ಯಾಪಾರಿಗಳೂ ವಕೀಲರೂ ವಿರೋಧಿಸಿದರು, ಕಲಮು ಉಳಿಯಿತು. ಅವರ ವಿರೋಧ ಅಕಾರಣವಾದುದಲ್ಲ. ದಿವಾಣಿ ದಾವೆ ಹೂಡಿ, ಡಿಕ್ರಿ ಪಡೆದು, ಅದರ ಅಮಲ್ಜಾರಿಗೆ ಅಲೆದು ಹಣ ಕಾಣುವಷ್ಟರಲ್ಲಿ ಸಣ್ಣ ವ್ಯಾಪಾರಿಯ ಆಯುಷ್ಯವೇ ಸವೆಯುತ್ತದೆ. ದಿವಾಣಿ ಕುಂಟುವುದರಿಂದಲೇ ಜನ ಫೌಜದಾರಿಯ ಕೋಲು ಹಿಡಿಯುತ್ತಾರೆ.

ಆದರೂ ಇಲ್ಲಿ ಒಂದು ಅನ್ಯಾಯ ಅಡಗಿದೆಯೆಂದು ನನ್ನ ಅಭಿಪ್ರಾಯ. ದಿವಾಣಿಯಲ್ಲಿಯೂ ಸೆರೆಯುಂಟು, ಡಿಕ್ರಿಯ ಹಣ ಕೊಡದವನನ್ನು ಮೂರು ತಿಂಗಳವರೆಗೆ ಸಿವಿಲ್ ಸೆರೆಯಲ್ಲಿಡಲು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಅವಕಾಶ ಕೊಟ್ಟಿದೆ, ಹೆಂಗಸರನ್ನು ಮಾತ್ರ ಬಿಟ್ಟು. ಆದರೆ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚಿನ್ ಪ್ರಕರಣದಲ್ಲಿ 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು, ಬಡವನಾದುದರಿಂದ ಕೊಡಲಾರದವನನ್ನು ಸೆರೆಗೆ ತಳ್ಳುವುದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧ, ಶಕ್ತಿಯಿದ್ದೂ ದುರ್ಬುದ್ಧಿಯಿಂದ ಕೊಡದವನಿಗೆ ಮಾತ್ರ ಅದು ಸಲ್ಲುತ್ತದೆ ಎಂದು ಸಾರಿದರು. ಹೀಗಿರಲು, ಕಾಗದದ ಮೇಲೆ ಸಾಲಪತ್ರ ಬರೆದುಕೊಟ್ಟು ಕೆಟ್ಟವನಿಗೆ ಬಡತನ ರಕ್ಷೆಯಾಗುತ್ತದೆ. ಅದೇ ಸಾಲಕ್ಕೆ ಚೆಕ್ಕು ಬರೆದುಕೊಟ್ಟು ಕೆಟ್ಟವನಿಗೆ ಬಡತನ ಪ್ರತಿವಾದವೇ ಅಲ್ಲ. ಚೆಕ್ಕು ಮರಳುವುದೆಂದು ತನಗೆ ತಿಳಿದಿರಲಿಲ್ಲವೆಂದು ಹೇಳುವುದಕ್ಕೂ 140ನೆಯ ಕಲಮು ಎಡೆಗೊಡುವುದಿಲ್ಲ. ಯಾಜ್ಞವಲ್ಕ್ಯನು ಅಪಲಾಪಕ್ಕೆ ಇಟ್ಟ ದಂಡವನ್ನು ನಾವು ಅಶಕ್ತತೆಗೂ ಹಬ್ಬಿಸಿದ್ದೇವೆ.

ಚೆಕ್ಕಿಲ್ಲದ ಸಾಲವನ್ನೂ ಫೌಜದಾರಿಗೆ ಎಳೆಯುವ ಪ್ರಯತ್ನ ಕಡಮೆಯೇನಲ್ಲ. ವಂಚನೆ, ವಿಶ್ವಾಸದ್ರೋಹ ಎಂದು ಪೊಲೀಸು ಠಾಣೆಯಲ್ಲಿ ಬರೆಸಿದರೆ ಎದುರಾಳಿ ಮೆತ್ತಗಾಗುವನೆಂಬ ಲೆಕ್ಕ. 1860ರ ದಂಡ ಸಂಹಿತೆಯ 420ನೆಯ ಕಲಮು ಗಾದೆಯ ಮಾತೇ ಆಗಿಹೋಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 318ನೆಯ ಕಲಮಿನೊಳಗೆ ಸೇರಿದೆ. ಕಲಮಿನ ಸಂಖ್ಯೆ ಬದಲಾದರೂ ಲಕ್ಷಣ ಅದೇ: ಮಾತು ಕೊಟ್ಟ ಗಳಿಗೆಯಲ್ಲಿಯೇ ಮೋಸದ ಉದ್ದೇಶವಿರಬೇಕು. ಕೊಡುವಾಗ ಪ್ರಾಮಾಣಿಕನಾಗಿದ್ದು ಬಳಿಕ ಮಾತು ತಪ್ಪಿದವನು ಕರಾರು ಮುರಿದವನು, ವಂಚಕನಲ್ಲ. ಖಾಸಗಿ ಹಣದ ತಕರಾರುಗಳಿಗೆ ಅಪರಾಧದ ಬಣ್ಣ ಬಳಿಯುವ ಚಾಳಿಯನ್ನು ಇಂಡಿಯನ್ ಆಯಿಲ್ ವಿರುದ್ಧ ಎನ್‌ಇಪಿಸಿ ಪ್ರಕರಣದಲ್ಲಿ 2006ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಖಂಡಿಸಿತ್ತು. ಆದುದರಿಂದ ಬರೀ ಕಂತು ತಪ್ಪಿದ್ದಕ್ಕೆ ವಸೂಲಿಯವರು ಪೊಲೀಸರ ಹೆಸರು ಹೇಳಿ ಹೆದರಿಸಿದರೆ, ಯಾವ ಕಲಮಿನ ಕೆಳಗೆ ಎಂದು ಬರಹದಲ್ಲಿ ಕೇಳುವುದು ಉತ್ತಮ. ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಬರುವುದಿಲ್ಲ.

ಕೊನೆಯದಾಗಿ, ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ವಿಶೇಷವಾಗಿ ತಗಲುವ ಒಂದು ಅಂಶ. ಚೆಕ್ಕಿನ ನೋಟೀಸು ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿದ್ದರೆ, ಮನೆಗೆ ಬೀಗವಿತ್ತೆಂದೋ ತೆಗೆದುಕೊಳ್ಳಲು ನಿರಾಕರಿಸಿದರೆಂದೋ ಷರಾ ಬರೆದು ಅಂಚೆಯವನು ಮರಳಿಸಿದರೂ, ಅದು ತಲುಪಿದಂತೆಯೇ ಎಂದು ನ್ಯಾಯಾಲಯ ಭಾವಿಸುತ್ತದೆ. ಖಾತೆ ತೆರೆದ ವರ್ಷದ ಚಾಳಿನ ವಿಳಾಸವನ್ನೇ ಬ್ಯಾಂಕಿನಲ್ಲಿಯೂ ಸಾಲ ಕೊಟ್ಟವನಲ್ಲಿಯೂ ಉಳಿಸಿಕೊಂಡು, ತಾನು ಡೊಂಬಿವಲಿಗೋ ವಸಯಿಗೋ ಮನೆ ಬದಲಿಸಿದವನಿಗೆ ಮೊಕದ್ದಮೆಯ ಮೊದಲ ಸುದ್ದಿ ಬರುವುದು ಸಮನ್ಸಿನ ರೂಪದಲ್ಲಿ. ಅಂಥವನಿಗೂ ಒಂದು ದಾರಿಯುಂಟು. ಅಲವಿ ಹಾಜಿ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದಂತೆ, ನೋಟೀಸು ತನಗೆ ತಲುಪಲಿಲ್ಲವೆನ್ನುವವನು ಸಮನ್ಸು ಕೈಸೇರಿದ ಹದಿನೈದು ದಿನಗಳೊಳಗೆ ಚೆಕ್ಕಿನ ಹಣವನ್ನು ಕೊಟ್ಟು, ಫಿರ್ಯಾದನ್ನು ವಜಾ ಮಾಡಬೇಕೆಂದು ನ್ಯಾಯಾಲಯಕ್ಕೆ ಅರಿಕೆ ಮಾಡಿಕೊಳ್ಳಬಹುದು. ಆ ಹದಿನೈದು ದಿನ ಕಳೆದ ಮೇಲೆ, ನೋಟೀಸು ಬರಲಿಲ್ಲವೆಂಬ ಮಾತನ್ನು ಯಾರೂ ಕೇಳಿಕೊಳ್ಳುವುದಿಲ್ಲ.